ಎಡೆಗೆ ಇಟ್ಟ ಸ್ಪ್ಯಾನರುಗಳು

ನಮ್ಮ ಮನೆಯ ಕಾರಿಗೆ ಅಂಗಡಿಯಲ್ಲಿ ಸಿಗುವ ಯಾವ ಸ್ಪ್ಯಾನರೂ ಕೂರುತ್ತಿರಲಿಲ್ಲ. ಒಂದು ನಂಬರು ಹಾಕಿದರೆ ಬಿಗಿ, ಮುಂದಿನದು ಹಾಕಿದರೆ ಸಡಿಲ. ಅದು ವಿಲಾಯಿತಿ ಕಾರು. ನಮ್ಮ ಮಾವ ತಿ. ನರಸೀಪುರದಲ್ಲಿ ರೈಸ್ ಮಿಲ್ ನಡೆಸುತ್ತಿದ್ದ ಕಾಲದಲ್ಲಿ ಯಾವುದೋ ಎಸ್ಟೇಟಿನ ದೊರೆಯಿಂದ ಕೊಂಡದ್ದು. ಕಪ್ಪು ಬಣ್ಣ, ದುಂಡು ಬೆನ್ನು. ಅದರ ನಟ್ಟು ಬೋಲ್ಟುಗಳ ಅಳತೆ ಆ ಕಾಲದ ಇಂಗ್ಲೆಂಡಿನವರಿಗೇ ಗೊತ್ತು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಅದನ್ನು ನಂಜನಗೂಡಿಗೆ ತಂದು, ಮನೆಯ ಪಕ್ಕದಲ್ಲಿ ಶೀಟಿನ ಶೆಡ್ಡು ಹಾಕಿ ನಿಲ್ಲಿಸಿದರು. ಕಾರಿನ ಹಿಂದೆಯೇ ಅತ್ತೆಯೂ ಬಂದರು. ಇಬ್ಬರಲ್ಲಿ ಯಾರನ್ನು ಸಂಭಾಳಿಸುವುದು ಕಷ್ಟ ಅಂತ ಆಗ ಯಾರಾದರೂ ಕೇಳಿದ್ದರೆ ನಾನು ಥಟ್ಟನೆ ಕಾರು ಅಂತಲೇ ಹೇಳುತ್ತಿದ್ದೆ.

ನಮ್ಮವರು ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದರು. ವಾರವೆಲ್ಲ ಕಾರ್ಖಾನೆಯ ಮಿಷನ್ನು, ಭಾನುವಾರ ಈ ಮಿಷನ್ನು. ಸಿಗದ ಹತಾರವನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು. ಚಿಕ್ಕ ನಂಬರಿನ ಸ್ಪ್ಯಾನರು ತಂದು, ಅದರ ಬಾಯನ್ನು ಅರ ಹಾಕಿ ಉಜ್ಜಿ ಉಜ್ಜಿ ನಟ್ಟಿಗೆ ಸರಿಯಾಗಿ ಕೂರುವಷ್ಟು ಅಗಲ ಮಾಡುವುದು, ಆಮೇಲೆ ಗುರುತಿಗೆ ಹಿಡಿಯ ಮೇಲೆ ನನ್ನ ನೈಲ್ ಪಾಲಿಶ್ ಚುಕ್ಕೆ ಇಡುವುದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ವರ್ಷಕ್ಕೊಮ್ಮೆ, ಮದುವೆ ಮನೆಗೆಂದು ತೆಗೆದರೆ ಆ ಶೀಶೆಯಲ್ಲಿ ತಳ ಕಾಣುತ್ತಿತ್ತು. "ನಿಮ್ಮ ಸ್ಪ್ಯಾನರಿಗೆ ಉಗುರಿದೆಯೇನ್ರೀ?" ಅಂತ ರೇಗಿದರೆ, "ನಿನ್ನ ಉಗುರಿಗಿಂತ ಇದಕ್ಕೇ ಚೆಂದ ಕಾಣ್ತದೆ ಬುಡು ಟೀಚರಮ್ಮ" ಅನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಕಾರು ಸಾಕಿದವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ಡು, ಅದನ್ನು ಬಿಗಿಯುವಾಗ ಎಲ್ಲ ನಟ್ಟಿಗೂ ಒಂದೇ ಬಿಗಿ ಬೀಳಬೇಕು. ಅದಕ್ಕೊಂದು ಬೇರೆಯೇ ಸ್ಪ್ಯಾನರ್ ಬರುತ್ತದಂತೆ. ಇವರು ಹಳೇ ಪೇಪರಿನವರ ಸ್ಪ್ರಿಂಗ್ ತಕ್ಕಡಿಯೊಂದನ್ನು ತಂದು, ಉದ್ದದ ಸ್ಪ್ಯಾನರಿನ ತುದಿಗೆ ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಮುಳ್ಳು ಇಷ್ಟಕ್ಕೆ ಬಂದರೆ ಸಾಕು ಅಂತ ಲೆಕ್ಕ. ಬಲ ಗುಣಿಸು ದೂರ, ಅಷ್ಟೇ. ಆ ತಕ್ಕಡಿಯನ್ನು ನಾನು ಕ್ಲಾಸಿಗೂ ಒಯ್ದು ಪಾಠ ಮಾಡಿದ್ದೇನೆ. ಇನ್ನೊಂದು ಹತಾರ ನೋಡಲು ಭಯಂಕರ. ಬಡಗಿಗಳು ಹಲಗೆ ಹಿಡಿಸುವ ಸಿ ಕ್ಲಾಂಪಿನ ತುದಿಗೆ, ಪಕ್ಕದಲ್ಲಿ ಕಿಂಡಿ ಕೊರೆದ ಪೈಪಿನ ತುಂಡೊಂದನ್ನು ವೆಲ್ಡ್ ಮಾಡಿದ್ದರು. ವಾಲ್ವಿನ ಸ್ಪ್ರಿಂಗನ್ನು ಅದರಿಂದ ಅದುಮಿ ಹಿಡಿದರೆ, ಕಿಂಡಿಯೊಳಗೆ ಬೆರಳು ತೂರಿಸಿ ವಾಲ್ವನ್ನು ಹಿಡಿದಿಡುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಲಾಕುಗಳನ್ನು ಕೂರಿಸಬಹುದು. ಅದಿಲ್ಲದೆ ಇಂಜಿನ್ ಮುಚ್ಚಲು ಆಗುತ್ತಲೇ ಇರಲಿಲ್ಲ. ಅತ್ತೆ ಅದಕ್ಕೆ 'ಏಡಿ' ಅಂತ ಹೆಸರಿಟ್ಟಿದ್ದರು. ಕಪಿಲೆಯ ದಡದಲ್ಲಿ ಏಡಿ ಹಿಡಿದು ಬೆಳೆದ ಕೈ ಅವರದು.

ನಮ್ಮವರದೊಂದು ಕೆಟ್ಟ ಚಾಳಿ ಇತ್ತು. ಕೆಲಸ ಹಿಡಿದರೆ ಮುಗಿಯುವ ತನಕ ಊಟಕ್ಕೆ ಏಳುತ್ತಿರಲಿಲ್ಲ. ಮಧ್ಯಾಹ್ನದ ಮುದ್ದೆ ಸಂಜೆಗೆ ಕಲ್ಲಾಗುತ್ತಿತ್ತು. ಅತ್ತೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಉಂಡ್ಕಂಡ್ ಮಾಡ್ಲಾ, ಅದೇನ್ ಓಡೋದದಾ?" ಅಂತ ಕೂಗುವುದು, ಇವರು "ಕೈ ತೊಳ್ದ್ ಬತ್ತೀನಿ ಕಣವ್ವ" ಅನ್ನುವುದು, ಬಾರದೇ ಇರುವುದು. ಭಾನುವಾರದ ನಮ್ಮ ಮನೆ ಅಂದರೆ ಇಷ್ಟೇ.

ತೊಂಬತ್ತರ ದಶಕದ ನಡುವಿನ ಅಂಥದೇ ಒಂದು ಭಾನುವಾರ. ಇಂಜಿನ್ ಬಿಚ್ಚಿ, ವಾಲ್ವುಗಳನ್ನು ತೆಗೆದು ಹತಾರಗಳ ಜೊತೆ ಗೋಣಿಚೀಲದ ಮೇಲೆ ಜೋಡಿಸಿದ್ದರು. ಒಂದೊಂದು ವಾಲ್ವನ್ನೂ ಅದರದರ ಜಾಗದಲ್ಲಿಟ್ಟು, ಪುಡಿ ಹಚ್ಚಿ, ಕೋಲಿನ ತುದಿಗೆ ಹಿಡಿಸಿ, ಎರಡು ಅಂಗೈಯ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ, ಗಾಳಿ ಸೋರದಷ್ಟು ಸಮವಾಗಿ ಮಸೆಯಬೇಕು. ಸರ್ರ್ ಸರ್ರ್ ಅನ್ನುವ ಆ ಸದ್ದು ಬೆಳಗ್ಗಿನಿಂದ ಮನೆಯನ್ನೆಲ್ಲ ತುಂಬಿತ್ತು. ಅರ್ಧ ಮುಗಿದಿತ್ತು. ಒಂದು ಸ್ಪ್ರಿಂಗು ಯಾಕೋ ಸರಿ ಕಾಣಲಿಲ್ಲ ಅಂತ ಅದನ್ನು ಜೇಬಿಗೆ ಹಾಕಿಕೊಂಡು, ನರಸೀಪುರದಲ್ಲಿ ಲೇತ್ ಇಟ್ಟಿದ್ದ ಗೆಳೆಯರೊಬ್ಬರ ಹತ್ತಿರ ಹೋಗಿಬರಲು ಹೊರಟರು. ತಟ್ಟೆ ಹಾಕಿದ್ದೆ. "ಉಂಡು ಹೋಗಿ" ಅಂದೆ. "ಬಂದು ಮುಗ್ಸಿ ಉಣ್ತೀನಿ. ಏನೂ ಮುಟ್ಬ್ಯಾಡಿ, ಎಲ್ಲಾ ವರ್ಸೆ ಪ್ರಕಾರ ಮಡಗಿವ್ನಿ" ಅಂದರು. ಬಸ್ಸು ಸುತ್ತೂರು ದಾಟುವಾಗ ಕಿಟಕಿಗೆ ತಲೆಯಾನಿಸಿದ್ದರಂತೆ. ನರಸೀಪುರದಲ್ಲಿ ಎಲ್ಲರೂ ಇಳಿದರು, ಇವರು ಇಳಿಯಲಿಲ್ಲ. ನಿದ್ದೆ ಅಂದುಕೊಂಡು ಕಂಡಕ್ಟರು ಹೆಗಲು ತಟ್ಟಿದನಂತೆ.

ಆ ಸ್ಪ್ರಿಂಗನ್ನು ಲೇತಿನ ಗೆಳೆಯರೇ ತಂದು ನನ್ನ ಕೈಗೆ ಕೊಟ್ಟರು. ಅದನ್ನು ಗೋಣಿಚೀಲದ ಮೇಲೆ ಖಾಲಿ ಇದ್ದ ಜಾಗದಲ್ಲಿ ಇಟ್ಟು ಶೆಡ್ಡಿನ ಬಾಗಿಲು ಎಳೆದೆ.

ಏನೂ ಮುಟ್ಟಬೇಡಿ. ಸತ್ತವರ ಕೊನೆಯ ಮಾತು ಅಂದರೆ ಜನ ಏನೇನೋ ದೊಡ್ಡದನ್ನು ಹೇಳುತ್ತಾರೆ. ನಮಗೆ ಸಿಕ್ಕಿದ್ದು ಇದು. ಹಾಗಾಗಿ ನಾವು ಮುಟ್ಟಲಿಲ್ಲ. ವರ್ಷಗಳು ಹೋದವು. ಕಾರು ಮೂತಿ ತೆರೆದುಕೊಂಡೇ ನಿಂತಿತ್ತು. ಸ್ಕೂಲಿನಿಂದ ಬಂದು ಕಾಲು ತೊಳೆಯುವಾಗ ಶೆಡ್ಡಿನಿಂದ ಗ್ರೀಸಿನ ವಾಸನೆ ಆ ದಿನದಷ್ಟೇ ಹಸಿಯಾಗಿ ಬರುತ್ತಿತ್ತು. ಚಾಮರಾಜನಗರದ ರೈಲು ಹೋದಾಗ ನೆಲ ಅದುರಿ, ಸ್ಪ್ಯಾನರಿಗೆ ಸ್ಪ್ಯಾನರು ತಾಗಿ ಕಿಣಿಕಿಣಿ ಅನ್ನುತ್ತಿತ್ತು. ಅದು ರೈಲಿನದು ಅಂತ ನನಗೆ ಗೊತ್ತು, ವಿಜ್ಞಾನದ ಮೇಡಂ ನಾನು. ಆದರೆ ರೈಲು ಇಲ್ಲದ ಹೊತ್ತಿನಲ್ಲೂ ಒಮ್ಮೊಮ್ಮೆ ಸರ್ರ್ ಸರ್ರ್ ಅಂತ ಕೇಳಿಸುತ್ತಿತ್ತು. ತರಕಾರಿ ಹೆಚ್ಚುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು. ಮತ್ತೆ ಕಿವಿಗೊಟ್ಟರೆ ಏನೂ ಇಲ್ಲ. ನನಗೇ ತಲೆ ಕೆಟ್ಟಿದೆ ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಅತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಮಗ ಬಂದು ಹೋಗುತ್ತಿದ್ದಾನೆ, ಅಷ್ಟೇ.

ನಮ್ಮ ಕಡೆ ಮಾರ್ನಾಮಿ ಅಮಾವಾಸ್ಯೆಗೆ ಹಿರೀಕರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆಯ ಪಕ್ಕ ಇರಬೇಕು. ಮಾವನಿಗೆ ಹೊಸ ಪಂಚೆ, ಬೀಡಿ ಕಟ್ಟು. ಮಗನಿಗೆ ಏನಿಡುವುದು ಅಂತ ಅತ್ತೆ ಮೊದಲ ವರ್ಷ ಯೋಚಿಸಲೇ ಇಲ್ಲ. ಶೆಡ್ಡಿಗೆ ಹೋಗಿ ಸ್ಪ್ಯಾನರುಗಳನ್ನು ತಂದು, ಒರೆಸಿ, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಬಾಡಿನ ಸಾರು, ಮುದ್ದೆ, ಕಜ್ಜಾಯದ ಪಕ್ಕ ಇಟ್ಟರು. ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯ ಮೇಲೆ ಕೂರಬೇಕು. ಬಂದವರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಒಂದಷ್ಟು ಹೊತ್ತಾದ ಮೇಲೆ ಮನೆಗೆ ಹಿರಿಯರಾದವರು ಬಾಗಿಲ ಬಳಿ ನಿಂತು ಜೋರಾಗಿ ಕೆಮ್ಮಿ, ತಟ್ಟಿ, ಆಮೇಲೆ ತೆಗೆಯಬೇಕು. ಉಣ್ಣುತ್ತಿರುವವರಿಗೆ ಎದ್ದು ಹೋಗಲು ಹೊತ್ತು ಕೊಡಬೇಕಲ್ಲ.

ಪ್ರತಿ ವರ್ಷವೂ ನಾವಿಬ್ಬರೇ ಜಗಲಿಯ ಮೇಲೆ ಕೂರುತ್ತಿದ್ದೆವು. ಒಳಗಿನಿಂದ ಟಿಣ್ ಅಂತ ಒಂದು ಸದ್ದು ಬರುತ್ತಿತ್ತು, ತಟ್ಟೆಯಲ್ಲಿ ಯಾರೋ ಸ್ಪ್ಯಾನರು ಎತ್ತಿ ಇಟ್ಟ ಹಾಗೆ. "ಬಂದ ಕಣವ್ವ" ಅನ್ನುತ್ತಿದ್ದರು ಅತ್ತೆ, ಮಗ ಕಾರ್ಖಾನೆಯಿಂದ ಬಂದಷ್ಟೇ ಸಲೀಸಾಗಿ. "ಬೆಕ್ಕಿರಬೇಕು" ಅನ್ನುತ್ತಿದ್ದೆ ನಾನು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ಆಮೇಲೆ ಅತ್ತೆ ಬಾಗಿಲಿಗೆ ಹೋಗಿ ಕೆಮ್ಮುತ್ತಿದ್ದರು. ಅದೆಂಥ ಕೆಮ್ಮು ಅಂತೀರಿ! ಮಗನನ್ನು ಎಬ್ಬಿಸಿ ಕಳಿಸುವುದಕ್ಕೆ ಸಂಕಟಪಟ್ಟುಕೊಂಡು, ಗಂಟಲಲ್ಲೇ ಹಿಡಿದು ಬಿಡುತ್ತಿದ್ದ ಕೆಮ್ಮು. ಬಾಗಿಲು ತೆಗೆದು ಮೊದಲು ನೋಡುತ್ತಿದ್ದುದು ಎಲೆಯನ್ನು. ಅನ್ನ ಕದಲಿದೆಯಾ, ಮುದ್ದೆಯ ಮೇಲೆ ಬೆರಳಿನ ಗುರುತು ಇದೆಯಾ. "ಮುಟ್ಟೇ ಇಲ್ಲ ನೋಡು. ಅಸ್ಕಂಡೇ ಬತ್ತಾನೆ, ಅಸ್ಕಂಡೇ ಓಯ್ತಾನೆ" ಅಂತ ಕಣ್ಣಿಗೆ ಸೆರಗು ಒತ್ತುತ್ತಿದ್ದರು. ಮಾರನೆಯ ದಿನ ಹತಾರಗಳನ್ನು ಒಯ್ದು ಗೋಣಿಚೀಲದ ಮೇಲೆ ಮೊದಲಿದ್ದ ಹಾಗೆಯೇ ಇಡುತ್ತಿದ್ದರು.

ಎಷ್ಟು ವರ್ಷ ಅಂತ ಹೀಗೆ? ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ, ಅವರ ಮೇಲೇ. ಹೋದವರು ಮುಗಿಸಿಯಾದರೂ ಹೋಗಬಾರದಿತ್ತೇ? ಅರ್ಧ ಬಿಚ್ಚಿದ ಇಂಜಿನ್ನಿನ ಜೊತೆ ನಮ್ಮಿಬ್ಬರನ್ನೂ ಅರ್ಧಕ್ಕೇ ಬಿಟ್ಟು ಹೋಗಿದ್ದರು. ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ನರಸೀಪುರಕ್ಕೆ ಹೋಗಿ ಲೇತಿನ ಗೆಳೆಯರಿಗೆ ಹೇಳಿದೆ, ಬಂದು ಆ ಕಾರು ಮುಚ್ಚಿ ಕೊಡಿ ಅಂತ.

ಅವರು ಭಾನುವಾರ ಬಂದರು. ಶೆಡ್ಡಿನಲ್ಲಿ ಬಗ್ಗಿ ನೋಡಿದವರೇ, "ಇದೇನಕ್ಕ, ಇಷ್ಟ್ ವರ್ಸ ಬಾಯ್ ತಕ್ಕಂಡಿದ್ರೂ ಸಿಲಿಂಡರ್‌ನಲ್ಲಿ ಒಂದ್ ಚೂರ್ ತುಕ್ಕಿಲ್ವಲ್ಲ!" ಅಂದರು. ಮೂಸಿ ನೋಡಿದರೆ ಹರಳೆಣ್ಣೆ. ಅತ್ತೆ ಶನಿವಾರ ಶನಿವಾರ ಮಕ್ಕಳ ನೆತ್ತಿಗೆ ಒತ್ತುವ ಹಾಗೆ ಅದಕ್ಕೂ ಒತ್ತುತ್ತಿದ್ದರಂತೆ. ಅತ್ತೆ ಬಾಗಿಲ ಮರೆಗೆ ನಿಂತಿದ್ದರು. ಎಲ್ಲ ಸರಿ, ಏಡಿ ಎಲ್ಲಿ? ಗೋಣಿಚೀಲದ ಮೇಲೆ ಅದರ ಜಾಗ ಖಾಲಿ, ಕೆಳಗೆ ಎಣ್ಣೆಯ ಗುರುತು ಮಾತ್ರ. ಇಡೀ ಶೆಡ್ಡು ಜಾಲಾಡಿದೆವು. "ಊರಿಗೆ ಬಂದೋಳು ನೀರಿಗ್ ಬರ್ದೇ ಇದ್ದಾಳಾ? ಸಿಕ್ಕಿದ್ ಮ್ಯಾಕೆ ಯೋಳಿಕಳ್ಸಿ" ಅಂತ ನಕ್ಕು ಗೆಳೆಯರು ಹೊರಟುಹೋದರು. ಬುಧವಾರ ನೋಡಿದರೆ ಏಡಿ ತನ್ನ ಜಾಗದಲ್ಲೇ ಕೂತಿದೆ!

ಮತ್ತೆ ಹೇಳಿಕಳಿಸಿದೆ. ಬಂದರು. ಮತ್ತೆ ಇಲ್ಲ. ಈ ಸಲ ಆ ಮನುಷ್ಯ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟು, ತಗ್ಗಿದ ದನಿಯಲ್ಲಿ, "ಅಣ್ಣನ್ಗೆ ಇನ್ನೊಬ್ರು ಕೈ ಇಕ್ಕೋದು ಇಷ್ಟ ಇಲ್ಲ ಕಣಕ್ಕ. ಬುಟ್ಬುಡಿ" ಅಂದರು. "ಸತ್ತವರು ಕಳ್ಳತನ ಕಲಿತಿದ್ದಾರೇನ್ರೀ?" ಅಂತ ನಾನು ಜೋರು ಮಾಡಿದೆ. ಜೋರು ಮಾಡಿದ್ದೇ ಬಂತು. ಅವರು ಹೋದ ಮೇಲೆ ಆ ಖಾಲಿ ಜಾಗದ ಮುಂದೆ ಒಬ್ಬಳೇ ನಿಂತೆ. ನಾನು ಮೆಲ್ಲಗೆ, ಯಾರಿಗೂ ಕೇಳದ ಹಾಗೆ, "ಏನ್ರೀ?" ಅಂದೆ.

ಸ್ವಲ್ಪ ದಿನಗಳಾದ ಮೇಲೆ, ಯಾರೋ ತೀರಿಕೊಂಡರೆಂದು ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತು. ಸುಡುಬಿಸಿಲಲ್ಲಿ ಮನೆಗೆ ಬಂದೆ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಗೇಟು ತೆಗೆಯುವಾಗ ಕೇಳಿಸಿತು: ಸರ್ರ್, ಸರ್ರ್, ಸರ್ರ್. ರೈಲಲ್ಲ, ಭ್ರಮೆಯೂ ಅಲ್ಲ. ನಿಂತು ಕೇಳಿದಷ್ಟೂ ಸ್ಪಷ್ಟ. ಅದೇ ಲಯ, ಎರಡು ಸಲ ಉದ್ದಕ್ಕೆ, ಒಂದು ಸಲ ಗಿಡ್ಡಕ್ಕೆ. ಹೇಳಿಬಿಡುತ್ತೇನೆ, ಆ ಗಳಿಗೆಯಲ್ಲಿ ಹೆದರಿಕೆಗಿಂತ ಹೆಚ್ಚಾಗಿ ನನಗೆ ಆದದ್ದು ಸಂತೋಷ. ಓಡಿಹೋಗಿ ಶೆಡ್ಡಿನ ಬಾಗಿಲು ತಳ್ಳಿದೆ.

ಅತ್ತೆ ಮಣೆಯ ಮೇಲೆ ಕೂತು, ಹೆಡ್ಡನ್ನು ಕಾಲ ನಡುವೆ ಇಟ್ಟುಕೊಂಡು, ಮಸೆಯುವ ಕೋಲನ್ನು ಅಂಗೈಗಳ ನಡುವೆ ಉರುಳಿಸುತ್ತಿದ್ದರು. ಮಗ ಮಾಡುತ್ತಿದ್ದ ಹಾಗೆಯೇ. ಮಡಿಲಲ್ಲಿ, ಸೆರಗಿನಲ್ಲಿ ಸುತ್ತಿದ ಏಡಿ.

ಅವರು ಬೆಚ್ಚಲಿಲ್ಲ. ಕೋಲು ನಿಲ್ಲಿಸಿ ನನ್ನನ್ನು ನೋಡಿದರು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಇಷ್ಟು ದಿನ ನನ್ನ ಜೀವ ತಿಂದಿದ್ದು ನೀವಾ? ಏಡಿ ಬಚ್ಚಿಟ್ಟಿದ್ದೂ ನೀವೇನಾ? ಯಾಕತ್ತೆ, ಈ ಹಾಳು ಕಾರು ಹೀಗೇ ಬಿದ್ದಿರಬೇಕಾ?"

"ಊಂ" ಅಂದರು ಅತ್ತೆ. "ಇಂಗೇ ಇರ್ಲಿ. ಅವ್ನ್ ಸದ್ದು ಮನೇಲಿರ್ಲಿ ಅಂತ ಮಸೀತೀನಿ, ಮುಗ್ಸಕಲ್ಲ."

"ಯಾಕೆ?"

"ಅರ್ಧ ಮಾಡಿ ಬುಟ್ಟೋಗವ್ನೆ, ಅದ್ಕೇ ಬತ್ತಾವ್ನೆ. ಮುಗುದೋದ್ರೆ ಯಾತಕ್ ಬಂದಾನು ಯೋಳು? ನಿನ್ ನೋಡಕ್ ಬಂದಾನಾ, ನನ್ ನೋಡಕ್ ಬಂದಾನಾ? ಬದ್ಕಿದ್ದಾಗ್ಲೇ ನಮ್ ಮಕ ನೋಡ್ದೋನಲ್ಲ, ಆ ಕಾರ್ ಮಕ ನೋಡ್ದೋನು."

ನಾನು ಅಲ್ಲೇ ನೆಲದ ಮೇಲೆ ಕೂತೆ. ನಗು ಬಂತು, ಅಳುವೂ ಬಂತು. ಆಮೇಲೆ ನನಗೆ ತೋಚಿದ್ದನ್ನು ಹೇಳಿದೆ. ಅವರನ್ನು ಒಪ್ಪಿಸಬೇಕು ಅಂತ ಹೇಳಿದೆನೋ, ನಿಜವಾಗಿಯೂ ನಂಬಿ ಹೇಳಿದೆನೋ, ಈಗಲೂ ಗೊತ್ತಿಲ್ಲ.

"ಅತ್ತೆ, ಕೆಲಸ ಮುಗಿಯದೆ ನಿಮ್ಮ ಮಗ ಯಾವತ್ತಾದರೂ ಊಟಕ್ಕೆ ಬಂದದ್ದುಂಟಾ? ವರ್ಷ ವರ್ಷ ಎಡೆ ಮುಂದೆ ಕೂರಿಸಿ, ಪಕ್ಕದಲ್ಲೇ ಸ್ಪ್ಯಾನರ್ ಇಟ್ಟರೆ ಅವರು ಮುದ್ದೆ ಮುಟ್ಟುತ್ತಾರಾ? ಆ ದಿನ ಹಸಿದು ಹೋದವರು ಇನ್ನೂ ಹಸಿದೇ ಇದ್ದಾರೆ. ಮುಗಿಸಿಬಿಡೋಣ. ಕೈ ತೊಳೆದುಕೊಳ್ಳಲಿ ಬಿಡಿ ಅವರು."

ಅತ್ತೆ ತಮ್ಮ ಎಣ್ಣೆಗೈಯನ್ನೇ ನೋಡಿಕೊಂಡರು. "ಉಣ್ತಾನಾ?" ಅಂದರು.

"ಉಣ್ತಾರೆ."

ಸೆರಗು ಬಿಚ್ಚಿ ಏಡಿಯನ್ನು ನನ್ನ ಕೈಗೆ ಕೊಟ್ಟರು. ಅವರ ಮೈಯ ಬಿಸಿಗೆ ಕಬ್ಬಿಣ ಬೆಚ್ಚಗಿತ್ತು.

ಲೇತಿನ ಗೆಳೆಯರನ್ನು ಕರೆತರಲು ಮೂರು ಸಲ ಅಲೆದೆ. ಏಡಿ ಕಳ್ಳ ಯಾರು ಅಂತ ನಾನು ಬಾಯಿ ಬಿಡಲಿಲ್ಲ. ಅವರು ಬಂದು ವಾಲ್ವುಗಳನ್ನು ಮಸೆದು ಮುಗಿಸಿದರು. ಏಡಿಯಿಂದ ಅವರು ಸ್ಪ್ರಿಂಗು ಅದುಮಿ ಹಿಡಿದರೆ, ಕಿಂಡಿಯೊಳಗೆ ಲಾಕು ಕೂರಿಸಿದ್ದು ನನ್ನ ಬೆರಳು. ಹೆಡ್ಡು ಬಿಗಿಯುವಾಗ ತಕ್ಕಡಿ ಹಿಡಿದವಳೂ ನಾನೇ. ನಮ್ಮವರ ನೈಲ್ ಪಾಲಿಶ್ ಚುಕ್ಕೆಯ ಸ್ಪ್ಯಾನರಿನ ತುದಿಗೆ ಕೊಕ್ಕೆ ಹಾಕಿ, ಮುಳ್ಳು ನೋಡುತ್ತಾ ಎಳೆದೆ. ಒಂದೊಂದು ನಟ್ಟು ಬಿಗಿಯಾದಾಗಲೂ ಎದೆಯೊಳಗೆ ಯಾವುದೋ ಬಾಗಿಲು ಹಾಕಿಕೊಂಡ ಹಾಗಾಗುತ್ತಿತ್ತು. ಹೊಸ ಬ್ಯಾಟರಿ, ಹೊಸ ಪೆಟ್ರೋಲು. ಎಷ್ಟೋ ಸಲ ಹ್ಯಾಂಡಲ್ ಹೊಡೆದ ಮೇಲೆ ಕಾರು ಹೊಗೆ ಕಾರಿ, ಅದುರಿ, ಹಿಡಿದುಕೊಂಡಿತು. ಹರಳೆಣ್ಣೆಯ ಹೊಗೆ ಬೀದಿಗೆಲ್ಲ ತುಂಬಿತು. ಬೀದಿಯವರು ಬಂದು ನೋಡಿದರು. ಅತ್ತೆ ಜಗಲಿಯಿಂದ ಇಳಿದುಬಂದು ಬಕೆಟ್ಟಿನಲ್ಲಿ ನೀರು, ಸೋಪು ತಂದಿಟ್ಟರು. ಗೆಳೆಯರು ಕೈ ತೊಳೆದುಕೊಂಡರು. ಕಪ್ಪು ನೀರು ಚರಂಡಿಗೆ ಹರಿದು ಪೂರ್ತಿ ಹೋಗುವ ತನಕ ಅತ್ತೆ ಅಲ್ಲೇ ನಿಂತಿದ್ದರು.

ಆ ವರ್ಷದ ಮಾರ್ನಾಮಿಗೆ ಅತ್ತೆ ಬೆಳಗ್ಗಿನಿಂದ ಒಲೆಯ ಮುಂದಿನಿಂದ ಏಳಲಿಲ್ಲ. ಕೈಮ ಉಂಡೆ, ತಲೆಮಾಂಸ, ಒಬ್ಬಟ್ಟು, ಮಗನಿಗೆ ಇಷ್ಟವಾದದ್ದು ಒಂದೂ ಬಿಡಲಿಲ್ಲ. ಸ್ಪ್ಯಾನರುಗಳನ್ನು ಎಡೆಗೆ ತರಲಿಲ್ಲ. ಅವುಗಳ ಜಾಗದಲ್ಲಿ ಒಂದು ಹೊಸ ಸೋಪು, ಚೊಂಬಿನ ತುಂಬ ನೀರು, ಒಗೆದು ಮಡಿಸಿದ ಟವೆಲ್ಲು ಇಟ್ಟರು. ದೀಪ ಹಚ್ಚಿ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು. ಜಗಲಿಯ ಮೇಲೆ ಕೂತೆವು. ಹೊತ್ತು ಮುಳುಗಿತ್ತು. ಪಕ್ಕದ ಮನೆಗಳಲ್ಲಿ ಒಬ್ಬೊಬ್ಬರೇ ಕೆಮ್ಮಿ ಬಾಗಿಲು ತೆಗೆಯುವ ಸದ್ದು, ಎಲೆ ಹಾಕುವ ಸದ್ದು ಕೇಳಿಸುತ್ತಿತ್ತು. ನಮ್ಮ ಮನೆಯೊಳಗಿನಿಂದ ಏನೂ ಇಲ್ಲ. ನಾನು ಟಿಣ್ ಅನ್ನುವುದಕ್ಕೆ ಕಾಯುತ್ತಿದ್ದೆ. ಟಿಣ್ ಅನ್ನಲು ಒಳಗೆ ಏನೂ ಇಟ್ಟಿಲ್ಲ ಅಂತ ಗೊತ್ತಿದ್ದೂ ಕಾಯುತ್ತಿದ್ದೆ.

ಅತ್ತೆ "ಬಂದ" ಅನ್ನಲಿಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು ಕೂತೇ ಇದ್ದರು. "ತಟ್ಟಿ ಅತ್ತೆ" ಅಂದೆ. "ಇರವ್ವ" ಅಂದರು. ಮತ್ತೊಂದಷ್ಟು ಹೊತ್ತು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದರು.

"ಒಳೀಕೆ ಯಾರೂ ಇಲ್ಲ ಕಣವ್ವ" ಅಂದರು.

ಕೆಮ್ಮಲಿಲ್ಲ. ತಟ್ಟಲಿಲ್ಲ. ದಿನದ ಹಾಗೆ ಬಾಗಿಲು ದೂಡಿಕೊಂಡು ಸೀದಾ ಒಳಗೆ ಹೋದರು. ಎಲೆಯನ್ನು ನೋಡಲೂ ಇಲ್ಲ. ದೀಪದ ಬತ್ತಿಯನ್ನು ಸರಿಮಾಡಿ, ಚೊಂಬನ್ನೂ ಟವೆಲ್ಲನ್ನೂ ಎತ್ತಿಕೊಂಡು ಹಿತ್ತಲ ಕಡೆ ನಡೆದರು. ಬಾಗಿಲು ನನ್ನ ಮುಂದೆ ಅರ್ಧ ತೆರೆದಿತ್ತು. ಇಷ್ಟು ವರ್ಷ ಬೆಕ್ಕು, ಬೆಕ್ಕು ಅಂದವಳು ನಾನು, ಮುಗಿಸಲೇಬೇಕು ಅಂದವಳೂ ನಾನೇ. ಹೊಸ್ತಿಲು ದಾಟಲು ನನ್ನಿಂದ ಆಗಲಿಲ್ಲ. ಅಲ್ಲೇ ನಿಂತು, ಚೌಕಟ್ಟನ್ನು ತಟ್ಟಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಕೆಮ್ಮಿದೆ.